ಎರಡು ಸ್ಟೇಷನರಿ, ಒಂದಕ್ಷರದ ಅಂತರ

(ಕನ್ನಡ ಯುವಕ ಯುವತಿಯರ ಸಭೆಯೊಂದರಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳ ಬರೆಹರೂಪ)



ನಾನು ಭಾಷಣಕಾರನಲ್ಲ. ಪ್ರೆಸ್ ನಡೆಸುವವನು. ಪಿಯುಸಿ ಮುಗಿಸಿದ ಮೇಲೆ ಕಾಲೇಜಿನ ಮೆಟ್ಟಿಲು ಹತ್ತಲಿಲ್ಲ, ಅಪ್ಪನ ಟ್ರೆಡಲ್ ಮೆಷಿನ್ನಿನ ಪಕ್ಕ ನಿಂತೆ. ಕನ್ನಡದ ಹಿರಿಮೆ, ಗರಿಮೆ, ಶಾಸ್ತ್ರೀಯ ಸ್ಥಾನಮಾನ ಇವನ್ನೆಲ್ಲ ನನಗಿಂತ ಚೆನ್ನಾಗಿ ಹೇಳುವವರು ಈ ವೇದಿಕೆಯಲ್ಲೇ ಇದ್ದಾರೆ. ನಾನು ಇವತ್ತು ಮಾತಾಡುವುದು ಇಂಗ್ಲಿಷಿನ ಎರಡು ಪದಗಳ ಬಗ್ಗೆ. ಕನ್ನಡದ ಸಭೆಯಲ್ಲಿ ಇಂಗ್ಲಿಷ್ ಪಾಠವೇ ಎಂದು ಹುಬ್ಬು ಗಂಟಿಕ್ಕಬೇಡಿ. ಸ್ವಲ್ಪ ತಾಳ್ಮೆಯಿಂದ ಕೇಳಿ.

ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗ ಹುಡುಗಿಯರು ಕೆಲಸ ಕೇಳಿಕೊಂಡು ನನ್ನ ಪ್ರೆಸ್ಸಿಗೆ ಬರುತ್ತಾರೆ. ಬುದ್ಧಿವಂತರು, ಕೈ ಚುರುಕು. ಆದರೆ ಎದುರಿಗೆ ಇಂಗ್ಲಿಷಿನ ಒಂದು ಕಾಗದ ಇಟ್ಟರೆ ಸಾಕು, ಮುಖ ಸಣ್ಣಗಾಗುತ್ತದೆ. ಒಂದಕ್ಷರ ಹೆಚ್ಚು ಕಡಿಮೆಯಾದರೆ ಎಲ್ಲಿ ನಗುತ್ತಾರೋ ಎಂಬ ಅಳುಕು. ಅದೇ ಕಾಗದದಲ್ಲಿ ತಪ್ಪು ಬರೆದುಕೊಟ್ಟ ಸೂಟಿನ ಮನುಷ್ಯನಿಗೆ ಮಾತ್ರ ಅಂಥ ಅಳುಕೇನೂ ಇರುವುದಿಲ್ಲ! ಅವನು ಧೈರ್ಯವಾಗಿ ತಪ್ಪು ಬರೆಯುತ್ತಾನೆ. ನಮ್ಮವರು ಹೆದರಿಕೊಂಡು ಸರಿ ಬರೆಯುತ್ತಾರೆ. ಇಷ್ಟು ವರ್ಷ ಕೌಂಟರಿನಲ್ಲಿ ಕೂತು ನಾನು ಕಂಡದ್ದು ಇದು.

ಆ ಪದ ಯಾವುದು ಅಂತೀರಾ? ಸ್ಟೇಷನರಿ.

ನಿಮ್ಮ ಬೀದಿಯಲ್ಲೇ ಒಂದು ಸ್ಟೇಷನರಿ ಅಂಗಡಿ ಇದ್ದೀತು. ಪೆನ್ನು, ಪುಸ್ತಕ, ಗೋಂದು, ಗ್ರೀಟಿಂಗ್ ಕಾರ್ಡು ಮಾರುವ ಅಂಗಡಿ. ಹಳ್ಳಿ ಕಡೆಯಾದರೆ ಅದರಲ್ಲೇ ಬಳೆ, ಬೊಟ್ಟು, ರಿಬ್ಬನ್ನೂ ಸಿಗುತ್ತದೆ. ಬೆಂಗಳೂರಿನ ಅವೆನ್ಯೂ ರಸ್ತೆಗೆ ಹೋದರಂತೂ ಹೆಜ್ಜೆಗೊಂದು. ನಾಳೆ ಆ ಕಡೆ ಹೋದಾಗ ಬೋರ್ಡುಗಳನ್ನು ಸ್ವಲ್ಪ ಗಮನಿಸಿ. ಕೆಲವರು ಆ ಪದವನ್ನು ಕೊನೆಯಲ್ಲಿ 'ಇ, ಆರ್, ವೈ' ಎಂದು ಬರೆಸಿರುತ್ತಾರೆ, ಕೆಲವರು 'ಎ, ಆರ್, ವೈ' ಎಂದು. ಎರಡನ್ನೂ ಓದುವುದು ಒಂದೇ ರೀತಿ. ಅಂಗಡಿಯಲ್ಲಿ ಸಿಗುವ ಸಾಮಾನೂ ಒಂದೇ. ಆದರೆ ಇಂಗ್ಲಿಷಿನವರ ಲೆಕ್ಕದಲ್ಲಿ ಇವು ಎರಡು ಬೇರೆ ಬೇರೆ ಪದಗಳು. 'ಇ' ಹಾಕಿದರೆ ಕಾಗದ, ಲೇಖನಿ, ಲಕೋಟೆ. 'ಎ' ಹಾಕಿದರೆ ಅಲುಗಾಡದೆ ನಿಂತಿರುವುದು, ಸ್ಥಿರ, ನಿಶ್ಚಲ. ಅಂದಮೇಲೆ 'ಎ' ಹಾಕಿಸಿದ ಅಂಗಡಿಯ ಬೋರ್ಡು ಏನು ಹೇಳುತ್ತಿದೆ? "ಇಲ್ಲಿ ನಿಂತದ್ದು ನಿಂತಲ್ಲೇ ಇರುತ್ತದೆ" ಎನ್ನುತ್ತಿದೆ! ಕೆಲವು ಅಂಗಡಿಗಳ ವ್ಯಾಪಾರ ನೋಡಿದರೆ ಅದೂ ನಿಜವೇ ಇರಬಹುದು, ಬಿಡಿ.

ಹಾಗಾದರೆ ಒಂದೇ ಸದ್ದಿನ ಪದಕ್ಕೆ ಎರಡು ಕಾಗುಣಿತ ಯಾಕೆ ಬಂತು? ಇದನ್ನು ತಿಳಿದುಕೊಂಡರೆ ನಿಮ್ಮ ಅರ್ಧ ಹೆದರಿಕೆ ಹೋಗುತ್ತದೆ ಎಂಬ ನಂಬಿಕೆಯಿಂದ ಈ ಕತೆ ಹೇಳುತ್ತಿದ್ದೇನೆ. ನಮ್ಮ ಕಸುಬಿನ ಕತೆಯೂ ಇದರಲ್ಲಿ ಸೇರಿಕೊಂಡಿದೆ.

ಯುರೋಪಿನಲ್ಲಿ ಅಚ್ಚಿನ ಯಂತ್ರ ಬರುವುದಕ್ಕೆ ಮುಂಚಿನ ಕಾಲ. ಸಾಮಾನು ಮಾರುವವರು ಹೆಚ್ಚಾಗಿ ತಲೆಯ ಮೇಲೆ, ಬೆನ್ನ ಮೇಲೆ ಹೊರೆ ಹೊತ್ತು ಊರೂರು ಸುತ್ತುತ್ತಿದ್ದರು. ನಮ್ಮಲ್ಲಿ ಬಳೆಗಾರ ಬರುತ್ತಿರಲಿಲ್ಲವೇ, ಹಾಗೆ. ಒಂದೇ ಜಾಗದಲ್ಲಿ ಕಟ್ಟೆ ಕಟ್ಟಿಕೊಂಡು ಕೂತು ಮಾರುವವರು ಕಡಿಮೆ. ಹಾಗೆ ನೆಲೆಯಾಗಿ ಕೂತವರಲ್ಲಿ ಪುಸ್ತಕದ ವ್ಯಾಪಾರಿಗಳು ಮುಖ್ಯರು. ಬೊಲೊನ್ಯ, ಪ್ಯಾರಿಸ್, ಆಕ್ಸ್‌ಫರ್ಡ್ ಇಂಥ ಊರುಗಳಲ್ಲಿ ವಿಶ್ವವಿದ್ಯಾಲಯಗಳು ಎದ್ದ ಮೇಲೆ ಅವುಗಳ ಹತ್ತಿರವೇ ಇವರ ಅಂಗಡಿಗಳೂ ಎದ್ದವು. ಒಂದು ಕಡೆ ನಿಂತು ವ್ಯಾಪಾರ ಮಾಡುವವನು ಎಂಬ ಅರ್ಥದಲ್ಲಿ ಲ್ಯಾಟಿನ್ ಭಾಷೆಯಲ್ಲಿ ಅವನನ್ನು 'ಸ್ಟಾಟಿಯೋನಾರಿಯುಸ್' ಎಂದರು. ಅದೇ ಇಂಗ್ಲಿಷಿಗೆ ಬಂದು 'ಸ್ಟೇಷನರ್' ಆಯಿತು.

ಅವನ ವ್ಯಾಪಾರದ ರೀತಿ ಕೇಳಿದರೆ ನಿಮಗೆ ನಗು ಬರುತ್ತದೆ. 13ನೇ ಶತಮಾನದಲ್ಲಿ ಪಠ್ಯಪುಸ್ತಕವೆಂದರೆ ಕೈಬರಹದ್ದು. ಬೆಲೆ ದುಬಾರಿ, ಬಡ ವಿದ್ಯಾರ್ಥಿ ಕೊಳ್ಳಲಾರ. ಸ್ಟೇಷನರ್ ಹತ್ತಿರ ವಿಶ್ವವಿದ್ಯಾಲಯದವರು ಒಪ್ಪಿದ ಒಂದು ಮೂಲಪ್ರತಿ ಇರುತ್ತಿತ್ತು. ಅದನ್ನು ಹೊಲಿಯದೆ ಬಿಡಿಬಿಡಿ ಭಾಗ ಮಾಡಿ ಇಟ್ಟುಕೊಂಡಿರುತ್ತಿದ್ದ. ವಿದ್ಯಾರ್ಥಿ ಬಾಡಿಗೆ ಕೊಟ್ಟು ಒಂದು ಭಾಗ ತೆಗೆದುಕೊಂಡು ಹೋಗಬೇಕು, ನಕಲು ಮಾಡಿಕೊಂಡು ತಂದುಕೊಡಬೇಕು, ಮುಂದಿನ ಭಾಗ ಒಯ್ಯಬೇಕು. ಬಿಡಿಭಾಗಗಳಾದ್ದರಿಂದ ಒಂದೇ ಪುಸ್ತಕವನ್ನು ಹಲವರು ಒಟ್ಟಿಗೆ ನಕಲು ಮಾಡಬಹುದಿತ್ತು. ನಮ್ಮ ಕಾಲೇಜುಗಳ ಎದುರಿನ ಜೆರಾಕ್ಸ್ ಅಂಗಡಿ ನೆನಪಾಯಿತೋ ಇಲ್ಲವೋ? ಪರೀಕ್ಷೆ ಹತ್ತಿರ ಬಂದಾಗ ನೋಟ್ಸಿನ ಮೂಲಪ್ರತಿ ಇಟ್ಟುಕೊಂಡು ಕೂತಿರುತ್ತಾನಲ್ಲ, ಅವನೇ ನಿಜವಾದ ಸ್ಟೇಷನರ್!

ಲಂಡನ್ನಿನಲ್ಲಿ 1403ರಲ್ಲಿ ಈ ಕಸುಬಿನವರೆಲ್ಲ ಸೇರಿ ಒಂದು ಸಂಘ ಕಟ್ಟಿಕೊಂಡರು. ಪ್ರತಿ ಬರೆಯುವವರು, ಹಾಳೆಗಳಿಗೆ ಬಣ್ಣದ ಚಿತ್ರ ಬಿಡಿಸುವವರು, ರಟ್ಟು ಕಟ್ಟುವವರು, ಮಾರುವವರು ಎಲ್ಲ ಒಂದು. 1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ಎಂಬಾತ ವೆಸ್ಟ್‌ಮಿನ್‌ಸ್ಟರಿನಲ್ಲಿ ಇಂಗ್ಲೆಂಡಿನ ಮೊದಲ ಅಚ್ಚುಕೂಟ ಹಾಕಿದ. ಮುಂದೆ ಅಚ್ಚಿನವರೂ ಅದೇ ಸಂಘಕ್ಕೆ ಸೇರಿಕೊಂಡರು. 1557ರಲ್ಲಿ ಆ ಸಂಘಕ್ಕೆ ರಾಜಮುದ್ರೆಯ ಸನ್ನದು ಸಿಕ್ಕಿತು. ಅಲ್ಲಿಂದ ಮುಂದೆ ರಾಜರಿಂದಲೇ ಬೇರೆ ಅಪ್ಪಣೆ ಪಡೆದವರನ್ನು ಬಿಟ್ಟರೆ ಸಂಘದ ಸದಸ್ಯರಲ್ಲದವರು ಇಂಗ್ಲೆಂಡಿನಲ್ಲಿ ಅಚ್ಚು ಹಾಕುವಂತಿರಲಿಲ್ಲ. ಸರ್ಕಾರಕ್ಕೂ ಇದು ಅನುಕೂಲವೇ ಆಯಿತು. ತನಗಾಗದ ಪುಸ್ತಕ ಹೊರಬರದಂತೆ ಕಾಯಲು ಅಚ್ಚಿನವರನ್ನೇ ಕಾವಲಿಗೆ ಇಟ್ಟ ಹಾಗಾಯಿತು. ನಮ್ಮ ಕಸುಬಿಗೆ ಅದೇನೂ ಹೆಮ್ಮೆಯ ಸಂಗತಿಯಲ್ಲ ಎಂಬುದು ನನ್ನ ಅಭಿಪ್ರಾಯ.

ಯಾವ ಪುಸ್ತಕ ಯಾರದು ಎಂಬುದನ್ನು ಸಂಘದ ದಫ್ತರದಲ್ಲಿ ಬರೆಸಬೇಕಿತ್ತು. ಬರೆಸಿದವನಿಗೆ ಆ ಪ್ರತಿಯ ಹಕ್ಕು. ಷೇಕ್ಸ್‌ಪಿಯರನ ನಾಟಕಗಳ ದೊಡ್ಡ ಸಂಪುಟ 1623ರ ನವೆಂಬರ್ 8ರಂದು ಆ ದಫ್ತರದಲ್ಲಿ ದಾಖಲಾಗಿದೆ. ಇವತ್ತು ನಾವು ಕಾಪಿರೈಟ್ ಎನ್ನುತ್ತೇವಲ್ಲ, ಅದರ ಬೇರು ಇರುವುದು ಇಲ್ಲಿಯೇ. ಆದರೆ ಆ ಹಕ್ಕು ಬರೆದ ಕವಿಗಲ್ಲ, ಅಚ್ಚು ಹಾಕಿಸಿದ ವ್ಯಾಪಾರಿಗೆ! ಬರೆದವನಿಗೆ ಕಾನೂನಿನಲ್ಲಿ ಜಾಗ ಸಿಗಲು 1710ರವರೆಗೆ, ಆನ್ ರಾಣಿಯ ಕಾಲದ ಶಾಸನ ಜಾರಿಗೆ ಬರುವವರೆಗೆ ಕಾಯಬೇಕಾಯಿತು. 1666ರ ಲಂಡನ್ನಿನ ಮಹಾ ಬೆಂಕಿಯಲ್ಲಿ ಸಂಘದ ಭವನ ಸುಟ್ಟುಹೋಯಿತು. ಬೆಂಕಿ ತಾಗಲಾರದೆಂದು ಸೇಂಟ್ ಪಾಲ್ ಚರ್ಚಿನ ನೆಲಮಾಳಿಗೆಯಲ್ಲಿ ತುಂಬಿಸಿಟ್ಟಿದ್ದ ಪುಸ್ತಕಗಳೂ ಬೂದಿಯಾದವು. ಕಾಗದದ ಗೋಡೌನ್ ಇಟ್ಟುಕೊಂಡವರಿಗೆ ಮಾತ್ರ ಈ ಸಂಕಟ ಗೊತ್ತಾದೀತು.

ಇರಲಿ, ಮತ್ತೆ ಅಕ್ಷರಕ್ಕೆ ಬರೋಣ. ಸ್ಟೇಷನರ್ ಮಾರುವ ಸರಕು ಸ್ಟೇಷನರಿ. ಪುಸ್ತಕ ಮಾರುವವರು ಬೇರೆಯಾಗುತ್ತ ಹೋದಂತೆ ಕಾಗದ, ಮಸಿ, ಲೇಖನಿ ಮಾರುವವನ ಪಾಲಿಗೆ ಈ ಹೆಸರು ಉಳಿಯಿತು. ಇನ್ನೊಂದು ಕಡೆ ಅದೇ ಲ್ಯಾಟಿನ್ ಬೇರಿನಿಂದ, ಚಲಿಸದೆ ನಿಂತದ್ದು ಎಂಬ ಅರ್ಥದ ಸ್ಟೇಷನರಿಯೂ ಬಂತು. ಅಂದರೆ ಇವು ಒಂದೇ ತಾಯಿಯ ಮಕ್ಕಳು. ಆಗಿನ ಇಂಗ್ಲಿಷಿನಲ್ಲಿ ಕಾಗುಣಿತಕ್ಕೆ ಕಟ್ಟುನಿಟ್ಟು ಎಂಬುದೇ ಇರಲಿಲ್ಲ. ಷೇಕ್ಸ್‌ಪಿಯರನೇ ತನ್ನ ಹೆಸರನ್ನು ಎಲ್ಲ ಕಡೆ ಒಂದೇ ರೀತಿ ಬರೆದಿಲ್ಲ ಎಂಬುದು ಉಳಿದಿರುವ ಅವನ ಸಹಿಗಳಲ್ಲೇ ಕಾಣುತ್ತದೆ. ಅಚ್ಚಿನ ಮನೆಗಳು ಹೆಚ್ಚಿದಂತೆ, 1755ರ ಸಾಮ್ಯುಯೆಲ್ ಜಾನ್ಸನ್ನನ ನಿಘಂಟಿನಂಥವು ಬಂದಂತೆ ನಿಧಾನವಾಗಿ ಕಾಗುಣಿತ ಗಟ್ಟಿಯಾಯಿತು. ಒಂದಕ್ಕೆ 'ಇ', ಇನ್ನೊಂದಕ್ಕೆ 'ಎ' ಎಂದು ಪಾಲು ಮಾಡಿಕೊಂಡರು. ಇಷ್ಟೇ. ಆಕಾಶದಿಂದ ಇಳಿದ ನಿಯಮವಲ್ಲ ಇದು, ಅಣ್ಣ ತಮ್ಮಂದಿರ ಮನೆ ಪಾಲು.

ಈ ಬೇರು ನಮಗೂ ಹೊಸತಲ್ಲ. 1786ರಲ್ಲಿ ಕಲ್ಕತ್ತೆಯಲ್ಲಿ ನ್ಯಾಯಾಧೀಶರಾಗಿದ್ದ ವಿಲಿಯಂ ಜೋನ್ಸ್ ಎಂಬ ಇಂಗ್ಲಿಷಿನವರು, ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೂರೂ ಒಂದೇ ಮೂಲದಿಂದ ಬಂದಿರಬೇಕು ಎಂದು ಭಾಷಣ ಮಾಡಿದರು. ಲ್ಯಾಟಿನ್ನಿನ 'ಸ್ಟಾರೆ', ಸಂಸ್ಕೃತದ 'ಸ್ಥಾ', ಇಂಗ್ಲಿಷಿನ 'ಸ್ಟ್ಯಾಂಡ್' ಎಲ್ಲಕ್ಕೂ ಅರ್ಥ ನಿಲ್ಲು ಎಂದೇ. ಸ್ಥಾನ, ಸ್ಥಿರ, ಸ್ಥಾವರ, ಸಂಸ್ಥೆ, ವ್ಯವಸ್ಥೆ, ಕೊನೆಗೆ ನಮ್ಮ ಅವಸ್ಥೆ ಸಹ ಇದೇ ಮನೆಯವು. ಪೊಲೀಸ್ ಸ್ಟೇಷನ್ನಿಗೆ ನಾವು ಠಾಣೆ ಎನ್ನುತ್ತೇವೆ, ಅದು 'ಸ್ಥಾನ'ದಿಂದ ಬಂದದ್ದು. ಬಸ್ ಸ್ಟೇಷನ್ನಿಗೆ ನಿಲ್ದಾಣ ಎನ್ನುತ್ತೇವೆ. ಅದರಲ್ಲಿ 'ನಿಲ್' ಅಚ್ಚ ಕನ್ನಡ, 'ತಾಣ' ಮತ್ತೆ ಅದೇ 'ಸ್ಥಾನ'ದ ತದ್ಭವ. ಕನ್ನಡ ಬೇರೆ ಕುಟುಂಬದ ಭಾಷೆ, ದ್ರಾವಿಡ ಭಾಷೆ. ಆದರೂ ಎರಡು ಬೇರನ್ನು ಹೇಗೆ ಒಂದು ಪದದೊಳಗೆ ಕೂರಿಸಿಕೊಂಡಿದೆ ನೋಡಿ! ಸ್ಟೇಷನ್ ಎಂಬ ಪದ ಕೇಳಿ ನಾವು ಬೆದರಬೇಕಾದ ಕಾರಣವೇ ಇಲ್ಲ. ಅದು ನಮ್ಮ ಪಕ್ಕದ ಮನೆಯ ನೆಂಟ.

ಈಗ ನೆನಪಿಟ್ಟುಕೊಳ್ಳುವ ದಾರಿ. ನಮ್ಮ ಅಪ್ಪ ಹೇಳಿಕೊಟ್ಟದ್ದು. ಅವರು ಓದಿದ್ದು ಏಳನೇ ಕ್ಲಾಸು, ಆದರೆ ಮೊಳೆ ಜೋಡಿಸುವುದರಲ್ಲಿ ಅವರ ಕೈ ಹಿಡಿಯುವವರಿರಲಿಲ್ಲ. ಮೊಳೆ ಅಂದರೆ ಗೋಡೆಗೆ ಹೊಡೆಯುವುದಲ್ಲ, ಸೀಸದಲ್ಲಿ ಎರಕ ಹೊಯ್ದ ಅಕ್ಷರ. ಈಗಿನ ಮಕ್ಕಳಿಗೆ ಇದನ್ನೂ ಬಿಡಿಸಿ ಹೇಳಬೇಕಾಗಿದೆ. ಅಪ್ಪ ಕೇಳುತ್ತಿದ್ದರು: "ಬೇಕರಿ ನಡೆಸುವವನು ಯಾರೋ?" "ಬೇಕರ್." "ಬೇಕರ್‌ಗೆ ಕೊನೆಯಲ್ಲಿ ಏನು?" "ಇ, ಆರ್." "ಹಾಗಾದರೆ ಸ್ಟೇಷನರ್‌ಗೂ ಅದೇ. ಬೇಕರ್‌ದು ಬೇಕರಿ, ಗ್ರೋಸರ್‌ದು ಗ್ರೋಸರಿ, ಸ್ಟೇಷನರ್‌ದು ಸ್ಟೇಷನರಿ." ಅಷ್ಟೇ ಪಾಠ. ಅಯ್ಯಂಗಾರ್ ಬೇಕರಿ ಇಲ್ಲದ ಬಡಾವಣೆ ನಮ್ಮ ಊರಿನಲ್ಲಿ ಎಲ್ಲಿದೆ? ಅದರ ಬೋರ್ಡು ನೋಡಿದಾಗಲೆಲ್ಲ ನಿಮಗೆ ಈ 'ಇ' ನೆನಪಾಗಲಿ. ಅಷ್ಟು ಸಾಲದಿದ್ದರೆ ಪೇಪರ್ ಎಂಬ ಪದದ ಕೊನೆಗೂ 'ಇ, ಆರ್' ಇದೆ.

ಇನ್ನೊಂದು ಸ್ಟೇಷನರಿಗೆ ಆರ್ಡಿನರಿ, ಟೆಂಪರರಿ, ಪ್ರೈಮರಿ, ಸೆಕೆಂಡರಿ ಇವುಗಳ ಜೊತೆ. ಹೇಗಿದೆ, ಯಾವ ಬಗೆಯದು ಎಂದು ಹೇಳುವ ಈ ಪದಗಳಿಗೆಲ್ಲ ಕೊನೆಯಲ್ಲಿ 'ಎ, ಆರ್, ವೈ'. ಲೈಬ್ರರಿಗೂ ಡಿಕ್ಷನರಿಗೂ 'ಎ' ಯಾಕೆ, ಅವು ವಸ್ತುಗಳಲ್ಲವೇ ಎಂದು ಯಾರಾದರೂ ಜಾಣರು ಕೇಳಬಹುದು. ಕೇಳಲಿ. ಇಂಗ್ಲಿಷಿನಲ್ಲಿ ಯಾವ ಸೂತ್ರವೂ ಊರಿನ ಕೊನೆಯವರೆಗೆ ಬರುವುದಿಲ್ಲ, ಅರ್ಧ ದಾರಿಯಲ್ಲಿ ಕೈಬಿಡುತ್ತದೆ.

'ಎ' ಇರುವ ಸ್ಟೇಷನರಿಯನ್ನು ವಿಜ್ಞಾನ ಓದಿದವರು ಚೆನ್ನಾಗಿ ಬಲ್ಲಿರಿ. ಜಿಯೋಸ್ಟೇಷನರಿ ಉಪಗ್ರಹ. ಕನ್ನಡದಲ್ಲಿ ಭೂಸ್ಥಿರ ಉಪಗ್ರಹ. ಸಮಭಾಜಕ ವೃತ್ತದ ಮೇಲೆ ಸುಮಾರು 35,786 ಕಿಲೋಮೀಟರ್ ಎತ್ತರದಲ್ಲಿ, ಭೂಮಿ ತಿರುಗುವ ವೇಗಕ್ಕೆ ಸರಿಯಾಗಿ ತಾನೂ ಸುತ್ತುವುದರಿಂದ ನಮಗೆ ಅದು ಆಕಾಶದಲ್ಲಿ ನಿಂತ ಹಾಗೆ ಕಾಣುತ್ತದೆ. ನಮ್ಮ ಮನೆಯ ಡಿಶ್ ಒಂದೇ ದಿಕ್ಕಿಗೆ ಮುಖ ಮಾಡಿ ನಿಂತಿರುವುದು ಅದಕ್ಕೇ. ಇಸ್ರೋದ ಇಂಥ ಉಪಗ್ರಹಗಳ ಮೇಲೆ ಕಣ್ಣಿಟ್ಟು ನಡೆಸುವ ಮುಖ್ಯ ನಿಯಂತ್ರಣ ಕೇಂದ್ರ ಇರುವುದು ನಮ್ಮ ಹಾಸನದಲ್ಲಿ. ಈ ಪದದಲ್ಲಿ 'ಎ' ಬದಲು 'ಇ' ಹಾಕಿಬಿಟ್ಟರೆ ಆಕಾಶದಲ್ಲಿ ನೋಟ್‌ಬುಕ್ಕು, ಲಕೋಟೆ ತೇಲಾಡಿದ ಹಾಗೆ. ವಿಜ್ಞಾನ ಮೇಳದ ಕರಪತ್ರವೊಂದು ಹೀಗೆಯೇ ಬರೆದುಕೊಂಡು ಅಚ್ಚಿಗೆ ಬಂದಿತ್ತು. ತಿದ್ದಿ ಕಳಿಸಿದೆವು.

ಹಾಸನ ಎಂದಾಗ ನೆನಪಾಯಿತು. ನಮ್ಮ ಭಾಷೆಯಲ್ಲೂ ಇಂಥ ಜೋಡಿಗಳಿಗೆ ಬರವಿಲ್ಲ. ಹಾಸನ ಊರು, ಆಸನ ಕೂರುವುದು. ಬೆಲೆ ದುಡ್ಡು, ಬೆಳೆ ಹೊಲದ್ದು. ಕಾಲು ನಮ್ಮದು, ಕಾಳು ಅಡುಗೆಯದು. ಆದರೆ ಒಂದು ವ್ಯತ್ಯಾಸವಿದೆ. ನಮ್ಮಲ್ಲಿ ಬರೆದಂತೆ ಉಚ್ಚಾರ. ಬಾಯಿ ಸರಿಯಾಗಿ ತಿರುಗಿದರೆ ಕೈ ತಾನಾಗಿಯೇ ಸರಿ ಬರೆಯುತ್ತದೆ. ಬೆಲೆ ಬೆಳೆ ಎರಡನ್ನೂ ರೈತನ ಕಿವಿ ಬೇರೆ ಮಾಡುತ್ತದೆ. ಬೆಲೆ ಸಿಗದ ಬೆಳೆಯನ್ನು ರಸ್ತೆಗೆ ಸುರಿಯುವವನಿಗೆ ಆ ಎರಡರ ವ್ಯತ್ಯಾಸ ಯಾರೂ ಹೇಳಿಕೊಡಬೇಕಿಲ್ಲ. ಇಂಗ್ಲಿಷಿನ ಎರಡು ಸ್ಟೇಷನರಿಗಳನ್ನು ಮಾತ್ರ ಲಂಡನ್ನಿನಲ್ಲೇ ಹುಟ್ಟಿದವನ ಕಿವಿಯೂ ಬೇರೆ ಮಾಡಲಾರದು. ಅವನೂ ಬಾಯಿಪಾಠ ಮಾಡಿಯೇ ಕಲಿಯಬೇಕು. ಅವನೂ ತಪ್ಪುತ್ತಾನೆ. ಹಾಗಿದ್ದ ಮೇಲೆ ಚನ್ನಪಟ್ಟಣದ ಹುಡುಗ, ಸಿಂಧನೂರಿನ ಹುಡುಗಿ ಯಾಕೆ ತಲೆ ತಗ್ಗಿಸಬೇಕು?

ನಮ್ಮ ಪ್ರೆಸ್ಸಿನಲ್ಲಿ ನಡೆದದ್ದನ್ನೇ ಹೇಳುತ್ತೇನೆ. ಡಿಟಿಪಿ ಮಾಡುವ ನಮ್ಮ ಹುಡುಗ ನಾಗಮಂಗಲದ ಕಡೆಯವನು. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ದೊಡ್ಡ ಕಂಪನಿಯೊಂದರಿಂದ ಇಂಡೆಂಟ್ ಪುಸ್ತಕಗಳ ಆರ್ಡರ್ ಬಂತು, 200 ಪುಸ್ತಕ. ತಲೆಬರಹದಲ್ಲಿ 'ಪ್ರಿಂಟಿಂಗ್ ಅಂಡ್ ಸ್ಟೇಷನರಿ' ಎಂದು 'ಎ' ಹಾಕಿ ಬರೆದಿತ್ತು. ಪ್ರೂಫ್ ನೋಡಲು ಬಂದ ಅವರ ಖರೀದಿ ವಿಭಾಗದ ಮನುಷ್ಯನಿಗೆ ನಮ್ಮ ಹುಡುಗ, "ಸಾರ್, ಇಲ್ಲಿ ಎ ಅಲ್ಲ, ಇ ಬರಬೇಕು" ಎಂದ. ಆ ಮನುಷ್ಯ ಹುಡುಗನ ಮುಖ ನೋಡಲಿಲ್ಲ, ನನ್ನ ಮುಖ ನೋಡಿ ನಕ್ಕ. "ಏನ್ರೀ, ನಿಮ್ಮ ಕನ್ನಡ ಮೀಡಿಯಂ ಹುಡುಗ ನನಗೆ ಇಂಗ್ಲಿಷ್ ಹೇಳ್ಕೊಡ್ತಾನೆ? ಕೊಟ್ಟಿದ್ದು ಹೊಡೀರಿ" ಅಂದ. ನಾನು ಡಿಕ್ಷನರಿ ತೆಗೆದುಕೊಟ್ಟೆ. ಅದನ್ನು ತೆರೆದೂ ನೋಡಲಿಲ್ಲ. ಆಯಿತು ಸಾರ್, ಪ್ರೂಫ್ ಮೇಲೆ ಸಹಿ ಮಾಡಿ ಎಂದೆ. ಮಾಡಿದ.

ಪುಸ್ತಕಗಳು ಹೋದವು. ನಾಲ್ಕೇ ದಿನಕ್ಕೆ ಎಲ್ಲವೂ ವಾಪಸು ಬಂದವು. ಮೇಲಿನವರು ಯಾರೋ ತಪ್ಪು ಹಿಡಿದಿದ್ದಾರೆ. "ಪ್ರೆಸ್ಸಿನವರ ಅಜ್ಞಾನ" ಎಂದು ಒಂದು ಪತ್ರ, ಬಿಲ್ಲು ಕೊಡುವುದಿಲ್ಲವೆಂಬ ಬೆದರಿಕೆ. ನಮ್ಮ ಹುಡುಗನನ್ನು ಜೊತೆಗೆ ಕರೆದುಕೊಂಡು ಸಹಿ ಇದ್ದ ಪ್ರೂಫ್ ಹಿಡಿದು ಹೋದೆ. ಅಲ್ಲಿದ್ದ ಹಿರಿಯ ಅಧಿಕಾರಿ ಪ್ರೂಫ್ ನೋಡಿದರು, ಸಹಿ ನೋಡಿದರು, ಆಮೇಲೆ ಹುಡುಗನನ್ನೇ ಕೇಳಿದರು: "ನಿನಗೆ ಇದು ತಪ್ಪು ಅಂತ ಹೇಗೆ ಗೊತ್ತಾಯ್ತಪ್ಪಾ?" ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಆಮೇಲೆ ಹೇಳಿದ, "ಬೇಕರಿ ಲೆಕ್ಕ ಸಾರ್." ಹೇಳಿ, ಬೇಕರ್, ಗ್ರೋಸರ್, ಸ್ಟೇಷನರ್ ಎಲ್ಲವನ್ನೂ ಕನ್ನಡದಲ್ಲೇ ವಿವರಿಸಿದ. ಅವರು ಕನ್ನಡ ಬಲ್ಲವರೇ, ಗಟ್ಟಿಯಾಗಿ ನಕ್ಕರು. ಬಿಲ್ಲು ಪೂರ್ತಿ ಬಂತು. ಹೊಸ ಪುಸ್ತಕಗಳ ಆರ್ಡರೂ ಬಂತು. ಸಹಿ ಮಾಡಿದ ಮನುಷ್ಯ ಆಮೇಲೂ ಬರುತ್ತಿದ್ದ. ಹುಡುಗನ ಹತ್ತಿರ ಒಂದು ಮಾತೂ ಆಡಲಿಲ್ಲ, ಕ್ಷಮೆಯಂತೂ ದೂರ ಉಳಿಯಿತು. ಆ ಹುಡುಗ ಈಗ ಸ್ವಂತ ಡಿಸೈನ್ ಅಂಗಡಿ ಇಟ್ಟಿದ್ದಾನೆ.

ಇಲ್ಲಿ ನೀವು ಗಮನಿಸಬೇಕಾದ ಒಂದು ಸಂಗತಿ ಇದೆ. ಕಂಪ್ಯೂಟರು ತಪ್ಪು ಹಿಡಿಯುತ್ತದೆ ಎಂದು ನೀವೆಲ್ಲ ನಂಬಿಕೊಂಡಿದ್ದೀರಿ. ಕಾಗುಣಿತ ತಪ್ಪಾದರೆ ಕೆಂಪು ಗೆರೆ ಎಳೆಯುತ್ತದೆ, ನಿಜ. ಆದರೆ ಈ ಎರಡೂ ಸರಿಯಾದ ಪದಗಳೇ. ಆದ್ದರಿಂದ ಯಾವುದನ್ನು ಹಾಕಿದರೂ ಬರೀ ಕಾಗುಣಿತ ನೋಡುವ ಯಂತ್ರ ಸುಮ್ಮನಿರುತ್ತದೆ. ಈಚಿನ ತಂತ್ರಾಂಶಗಳು ವಾಕ್ಯ ಓದಿ ಹೇಳಲು ನೋಡುತ್ತವೆ, ಆದರೆ ತಲೆಬರಹದಲ್ಲಿ, ಲೆಟರ್‌ಹೆಡ್ಡಿನಲ್ಲಿ ವಾಕ್ಯವೇ ಇರುವುದಿಲ್ಲವಲ್ಲ! ಅಲ್ಲಿ ಮನುಷ್ಯನೇ ನೋಡಬೇಕು. ಹಿಂದೆ ಮೊಳೆ ಜೋಡಿಸುವಾಗ ಇಂಗ್ಲಿಷ್ ಕೇಸಿನಲ್ಲಿ ಎಲ್ಲಕ್ಕಿಂತ ದೊಡ್ಡ ಖಾನೆ 'ಇ' ಅಕ್ಷರದ್ದು, ಆ ಭಾಷೆಯಲ್ಲಿ ಅತಿ ಹೆಚ್ಚು ಬಳಕೆಯಾಗುವ ಅಕ್ಷರ ಅದು. ಕೈ ತಾನಾಗಿ ಅಲ್ಲಿಗೇ ಹೋಗುತ್ತಿತ್ತು. ಈಗ ಕೀಬೋರ್ಡಿನಲ್ಲಿ ಎರಡೂ ಎಡಗೈ ಕೆಳಗೇ ಇವೆ.

ಇದೇ ಜಾತಿಯ ಇನ್ನೊಂದು ಜೋಡಿ ನಮಗೆ ಅಚ್ಚಿನವರಿಗೆ ನಿತ್ಯದ ತಲೆನೋವು. ಕಾಂಪ್ಲಿಮೆಂಟ್. ಗಣೇಶೋತ್ಸವದ ಸ್ಮರಣ ಸಂಚಿಕೆ, ರಾಜ್ಯೋತ್ಸವದ ಸಂಚಿಕೆ ಯಾವುದನ್ನಾದರೂ ತೆರೆಯಿರಿ. ಪುಟಪುಟಕ್ಕೂ ಜಾಹೀರಾತು: 'ವಿತ್ ಬೆಸ್ಟ್ ಕಾಂಪ್ಲಿಮೆಂಟ್ಸ್ ಫ್ರಮ್', ಕೆಳಗೆ ಸಿಮೆಂಟ್ ಅಂಗಡಿಯ ಹೆಸರು. ಇದರ ನಡುವೆ 'ಪಿ, ಎಲ್' ಆದ ಮೇಲೆ 'ಐ' ಬಂದರೆ ಶುಭಾಶಯ, ಮೆಚ್ಚುಗೆಯ ಮಾತು. ಅಲ್ಲಿ 'ಇ' ಬಂದರೆ ಪೂರಕ, ಕೊರತೆ ತುಂಬುವುದು. ಇವೆರಡಕ್ಕೂ ಬೇರು ಒಂದೇ, ತುಂಬು ಎಂಬ ಅರ್ಥದ ಲ್ಯಾಟಿನ್ ಪದ. 'ಇ' ಇರುವುದು ಲ್ಯಾಟಿನ್ನಿನ ರೂಪವನ್ನೇ ಉಳಿಸಿಕೊಂಡಿದೆ, 'ಐ' ಇರುವುದು ಇಟಲಿಯವರ, ಫ್ರಾನ್ಸಿನವರ ಬಾಯಲ್ಲಿ ಉರುಳಿ, ಅರಮನೆಯ ಮರ್ಯಾದೆ ಕಲಿತು ಬಂತು. ಅದಕ್ಕೇ ಅದು ಹೊಗಳುತ್ತದೆ.

'ಇ' ಇರುವುದನ್ನು ನೀವು ಶಾಲೆಯಲ್ಲಿ ಕಲಿತೇ ಇದ್ದೀರಿ. ಎರಡು ಕೋನ ಸೇರಿ 90 ಡಿಗ್ರಿ ಆದರೆ ಅವು ಪೂರಕ ಕೋನಗಳು. ಅದೇ ಪೂರಕ. ನಮ್ಮ ಆಫ್‌ಸೆಟ್ ಮೆಷಿನ್ನಿನ ಮಸಿಯ ಡಬ್ಬಗಳಲ್ಲೂ ಇದೇ ಲೆಕ್ಕ. ಬಣ್ಣದ ಅಚ್ಚಿಗೆ ಹಾಕುವ ಸಯಾನ್ ಕೆಂಪಿಗೆ ಪೂರಕ, ಮಜೆಂಟಾ ಹಸಿರಿಗೆ, ಹಳದಿ ನೀಲಿಗೆ. ಕನ್ನಡ ಮಾಧ್ಯಮದವನಿಗೆ ಪೂರಕ ಎಂದ ತಕ್ಷಣ ಅರ್ಥ ಹೊಳೆಯುತ್ತದೆ. ಇಂಗ್ಲಿಷ್ ಹೆಸರನ್ನೇ ಉರು ಹೊಡೆದವನಿಗೆ ಹೊಗಳಿಕೆಗೂ 90 ಡಿಗ್ರಿಗೂ ಏನು ಸಂಬಂಧ ಎಂದು ಗೊಂದಲ! ಕಾಲೇಜಿನ ಪ್ರಿನ್ಸಿಪಾಲರ ರಬ್ಬರ್ ಸ್ಟಾಂಪಿನಲ್ಲಿ 'ತತ್ವ' ಎಂಬ ಅರ್ಥದ ಕಾಗುಣಿತ ಬರೆಸಿಕೊಂಡು ಬರುವವರೂ ಇದ್ದಾರೆ. ಕನ್ನಡದಲ್ಲಿ ಪ್ರಾಂಶುಪಾಲ, ಸಾಲದ ಅಸಲು, ತತ್ವ ಮೂರೂ ಬೇರೆ ಬೇರೆ, ಯಾರೂ ಎಡವುವುದಿಲ್ಲ. ಅಂಥವು ಇನ್ನೂ ಹತ್ತಾರಿವೆ, ಎಲ್ಲವನ್ನೂ ಹೇಳುತ್ತ ಕೂತರೆ ನಿಮಗೆ ಕೊನೆಯ ಬಸ್ಸು ತಪ್ಪುತ್ತದೆ.

ನಮ್ಮ ರಾಜ್ಯದಲ್ಲಿ ಸರ್ಕಾರದ ಒಂದು ಇಲಾಖೆ ಇದೆ. ಇಂಗ್ಲಿಷಿನಲ್ಲಿ ಅದರ ಹೆಸರಿನಲ್ಲಿ ಸ್ಟೇಷನರಿ ಇದೆ. ಕನ್ನಡದಲ್ಲಿ 'ಮುದ್ರಣ, ಲೇಖನ ಸಾಮಗ್ರಿ ಮತ್ತು ಪ್ರಕಟಣೆಗಳ ಇಲಾಖೆ'. ಲೇಖನ ಸಾಮಗ್ರಿ! ಎಷ್ಟು ನೇರವಾಗಿದೆ. ಬರೆಯುವ ಸಾಮಾನು, ಮುಗಿಯಿತು. ಇನ್ನೊಂದಕ್ಕೆ ಸ್ಥಿರ, ನಿಶ್ಚಲ, ನಿಂತ ಎಂದು ಸಂದರ್ಭ ನೋಡಿ ಹಾಕಿ. ನಿಂತ ವಾಹನ, ಭೂಸ್ಥಿರ ಉಪಗ್ರಹ. ಇಂಗ್ಲಿಷಿನವರು ಒಂದಕ್ಷರದಲ್ಲಿ ಮಾಡುವ ಕೆಲಸವನ್ನು ನಾವು ಪದದಲ್ಲೇ ಮಾಡಿದ್ದೇವೆ.

2024ರಲ್ಲಿ ಕಾನೂನಿಗೆ ತಿದ್ದುಪಡಿಯಾಗಿ, ಅಂಗಡಿ ಮುಂಗಟ್ಟುಗಳ ನಾಮಫಲಕದಲ್ಲಿ 60 ಭಾಗ ಕನ್ನಡ ಇರಬೇಕೆಂದು ಆದದ್ದು ನಿಮಗೆ ಗೊತ್ತೇ ಇದೆ. ಆಗ ನಮ್ಮ ಕಡೆಗೆ ಬೋರ್ಡಿನ ಕೆಲಸ ಹೆಚ್ಚಾಗಿ ಬಂತು. ಒಬ್ಬ ಅಂಗಡಿಯವರು, ಮಾರ್ವಾಡಿ ಹಿರಿಯರು, ಬಹಳ ವರ್ಷದಿಂದ ಅವೆನ್ಯೂ ರಸ್ತೆಯಲ್ಲಿ ವ್ಯಾಪಾರ. ಅವರ ಹಳೆಯ ಇಂಗ್ಲಿಷ್ ಬೋರ್ಡಿನಲ್ಲಿ 'ಎ' ಇತ್ತು. ಕನ್ನಡದಲ್ಲಿ 'ಸ್ಟೇಷನರಿ' ಎಂದು ಬರೆದು ಕೊಟ್ಟೆ. ನೋಡಿ ಕೇಳಿದರು: "ಯಾಕ್ ಸಾರ್, ಇದು ಯಾವ ಸ್ಟೇಷನರಿ? ಎ ನಾ, ಇ ನಾ?" ಅವರಿಗೆ ಯಾರೋ ಗಿರಾಕಿ ಹಳೆಯ ತಪ್ಪು ಹೇಳಿ ಗೇಲಿ ಮಾಡಿದ್ದರಂತೆ. ನಾನು ಹೇಳಿದೆ, "ಸೇಠ್‌ಜೀ, ಕನ್ನಡದಲ್ಲಿ ಆ ಜಗಳವೇ ಇಲ್ಲ, ಎರಡಕ್ಕೂ ಇದೇ ಅಕ್ಷರ. ಆದರೆ ನಿಮ್ಮ ಅಂಗಡಿ ಏನು ಮಾರುತ್ತದೆ ಅಂತ ಜನಕ್ಕೆ ಅರ್ಥ ಆಗಬೇಕಾದರೆ 'ಲೇಖನ ಸಾಮಗ್ರಿ' ಅಂತಲೂ ಹಾಕಿಸಿ." ಯೋಚನೆ ಮಾಡಿ, ಎರಡನ್ನೂ ಹಾಕಿಸಿದರು. ಮೇಲೆ ದೊಡ್ಡದಾಗಿ ಲೇಖನ ಸಾಮಗ್ರಿ, ಪಕ್ಕದಲ್ಲಿ ಸ್ಟೇಷನರಿ, ಕೆಳಗೆ ಇಂಗ್ಲಿಷಿನಲ್ಲಿ ಸರಿಯಾದ 'ಇ'.

ಸ್ಟೇಷನರಿ ಎಂಬ ಪದವನ್ನೇ ಓಡಿಸಬೇಕು ಎನ್ನುವವರ ಗುಂಪಿನವನು ನಾನಲ್ಲ. ಬಸ್ಸು, ಪೆನ್ನು, ರೈಲಿನ ಹಾಗೆ ಅದೂ ನಮ್ಮ ಬಾಯಿಗೆ ಒಗ್ಗಿದೆ, ಅಜ್ಜಿಯರೂ ಹೇಳುತ್ತಾರೆ. ಕನ್ನಡದ ಅಕ್ಷರದಲ್ಲಿ ಬರೆದ ಮೇಲೆ ಅದು ಕನ್ನಡದ್ದೇ. ಆದರೆ ಇಂಗ್ಲಿಷಿನಲ್ಲಿ ಬರೆಯಬೇಕಾಗಿ ಬಂದ ಕಡೆ ಸರಿಯಾಗಿಯೇ ಬರೆಯಿರಿ. ಅರ್ಜಿ, ಬಯೋಡೇಟಾ, ಸಂಘದ ಲೆಟರ್‌ಹೆಡ್ಡು ಯಾವುದೇ ಆಗಲಿ. ನಮ್ಮ ಕನ್ನಡ ಸಂಘಗಳ ರಸೀದಿ ಪುಸ್ತಕದಲ್ಲೂ ಇಂಗ್ಲಿಷ್ ತಪ್ಪು, ಅದಕ್ಕಿಂತ ಹೆಚ್ಚಾಗಿ ಕನ್ನಡದ ತಪ್ಪು ಕಂಡು ನನಗೆ ಬೇಸರವಾಗಿದೆ. 'ಹಾರ್ದಿಕ'ಕ್ಕೆ 'ಆರ್ಥಿಕ' ಶುಭಾಶಯ ಎಂದು ಬ್ಯಾನರ್ ಹಾಕಿಸುವ ಯುವಕರು ಇಂಗ್ಲಿಷಿನವರ 'ಎ' 'ಇ' ನೋಡಿ ನಗುವ ಹಾಗಿಲ್ಲ!

ನಿಮಗೆ ಕೊಡುವ ವ್ಯವಹಾರದ ಮಾತು ಇಷ್ಟು. ಪ್ರೆಸ್ಸಿಗೆ ಕೆಲಸ ಕೊಡುವಾಗ ಬಾಯಲ್ಲಿ ಹೇಳಬೇಡಿ, ವಾಟ್ಸಾಪಿನಲ್ಲಿ ಧ್ವನಿ ಸಂದೇಶ ಕಳಿಸಬೇಡಿ. ಈಚೆಗೆ ಇದು ಹೆಚ್ಚಾಗಿದೆ. ಸದ್ದು ಒಂದೇ ಇರುವ ಪದವನ್ನು ಧ್ವನಿಯಲ್ಲಿ ಕಳಿಸಿದರೆ ನಮ್ಮ ಹುಡುಗರು ಯಾವ ಅಕ್ಷರ ಹಾಕಬೇಕು? ಬರೆದು ಕಳಿಸಿ. ಪ್ರೂಫ್ ಬಂದಾಗ ಮೊಬೈಲಿನಲ್ಲಿ ಕಣ್ಣಾಡಿಸಿ 'ಓಕೆ' ಎನ್ನಬೇಡಿ. ಕಾಗದದಲ್ಲಿ ತೆಗೆಸಿ ಬೆರಳಿಟ್ಟು ಓದಿ. ಕೊನೆಯ ಪದದಿಂದ ಹಿಂದಕ್ಕೆ ಒಂದೊಂದೇ ಪದ ಓದಿ. ಅರ್ಥದ ಓಟದಲ್ಲಿ ಕಣ್ಣು ಜಾರುವುದು ಆಗ ತಪ್ಪುತ್ತದೆ. ಪ್ರೂಫ್ ತಿದ್ದುವವರ ಹಳೆಯ ಪದ್ಧತಿ ಇದು. ಪ್ರೆಸ್ಸಿನ ಹುಡುಗ ಏನಾದರೂ ಅನುಮಾನ ಹೇಳಿದರೆ ಅವನು ಯಾವ ಮೀಡಿಯಂ ಎಂದು ಕೇಳಬೇಡಿ, ಅವನು ತೋರಿಸಿದ ಅಕ್ಷರ ನೋಡಿ.

ಕೌಂಟರಿನ ಆ ಕಡೆ ಕೆಲಸಕ್ಕೆ ನಿಂತಿರುವವರು ನೀವೇ ಆದರೆ, ತಪ್ಪು ಕಂಡಾಗ ಬಾಯಿ ಬಿಟ್ಟು ಹೇಳಿ, ಕನ್ನಡದಲ್ಲೇ ಹೇಳಿ. ಆಮೇಲೂ ಅವರು ಕೇಳದಿದ್ದರೆ ಪ್ರೂಫ್ ಮೇಲೆ ದಿನಾಂಕ ಹಾಕಿಸಿ ಸಹಿ ತೆಗೆದುಕೊಳ್ಳಿ, ಆ ಕಾಗದವನ್ನು ಜೋಪಾನವಾಗಿ ಇಡಿ.

ಬೇರೆ ಪದಗಳ ಬಗ್ಗೆ ಕೇಳುವುದಿದ್ದರೆ ಕೇಳಿ, ಇನ್ನೂ ಹತ್ತು ನಿಮಿಷ ಇಲ್ಲೇ ಇರುತ್ತೇನೆ. ರಾತ್ರಿ ಪಾಳಿಗೆ ಮೆಷಿನ್ ಹತ್ತಿರ ಹೋಗಬೇಕು. ನಮಸ್ಕಾರ.